ಫೈಬರ್‌ಗೊಂದು, ಡಾಂಗಲ್‌ಗೊಂದು ನೆಟ್‌ವರ್ಕ್ ಪ್ರೊಫೈಲ್: ಓಪನ್‌ವರ್ಟ್ ರೂಟರ್‌ನಲ್ಲಿ ಕಮಾಂಡ್ ಲೈನ್ ಮೂಲಕ ಬದಲಾಯಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ: ಖಾತೆಕಿರ್ದಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಲೆಕ್ಕಪತ್ರದ ಕೆಲಸದ ಜೊತೆಗೆ ಕಂಪ್ಯೂಟರು, ಪ್ರಿಂಟರು, ರೂಟರುಗಳ ಉಸ್ತುವಾರಿಯೂ ನನ್ನ ಪಾಲಿಗೇ ಬಂದಿದೆ. ಕಚೇರಿಯಲ್ಲಿ ಇರುವುದು ಓಪನ್‌ವರ್ಟ್ 23.05 (ರೂಟರುಗಳಿಗೆಂದೇ ಇರುವ ಮುಕ್ತ ತಂತ್ರಾಂಶ) ಹಾಕಿರುವ ಸಣ್ಣ ರೂಟರ್. ಅದರಲ್ಲಿ ಮೂರು ನೆಟ್‌ವರ್ಕ್‌ಗಳಿವೆ: ಸಿಬ್ಬಂದಿಯ ಕಂಪ್ಯೂಟರುಗಳಿಗೆ ಲ್ಯಾನ್ (192.168.10.0/24), ಬಂದುಹೋಗುವ ಕ್ಲೈಂಟ್‌ಗಳ ಮೊಬೈಲ್‌ಗಳಿಗೆ ಗೆಸ್ಟ್ (192.168.20.0/24), ಸಿಸಿಟಿವಿಗೆ ಕ್ಯಾಮ್ (192.168.30.0/24). ಹೊರಗಿನ ಸಂಪರ್ಕ ಮುಖ್ಯವಾಗಿ ಫೈಬರ್‌ನಿಂದ ಬರುತ್ತದೆ; ರಸ್ತೆ ಅಗೆಯುವವರ ಕೃಪೆಯಿಂದ ಅದು ಕಡಿದುಹೋದಾಗ ಬಳಸಲೆಂದು ರೂಟರಿನ ಯುಎಸ್‌ಬಿ ಪೋರ್ಟ್‌ಗೆ ಒಂದು 4ಜಿ ಡಾಂಗಲ್ ಸಿಕ್ಕಿಸಿದ್ದೇವೆ.

ಡಾಂಗಲ್‌ನ ಡೇಟಾಗೆ ದಿನದ ಮಿತಿ ಇರುವುದರಿಂದ, ಅದರ ಮೇಲೆ ನಡೆಯುವಾಗ ಸಿಬ್ಬಂದಿಯ ಕಂಪ್ಯೂಟರುಗಳಿಗೆ ಮಾತ್ರ ಇಂಟರ್ನೆಟ್ ಸಿಗಬೇಕು, ಗೆಸ್ಟ್ ಮತ್ತು ಕ್ಯಾಮ್ ಎರಡಕ್ಕೂ ಸಿಗಬಾರದು. ಇದಕ್ಕಾಗಿ ರೂಟ್ ಫೋಲ್ಡರಿನಲ್ಲಿ ಎರಡು ಪ್ರೊಫೈಲ್ ಇಟ್ಟಿದ್ದೇನೆ. ಒಂದೊಂದರಲ್ಲೂ ನೆಟ್‌ವರ್ಕ್, ವೈರ್‌ಲೆಸ್, ಫೈರ್‌ವಾಲ್, ಡಿಎಚ್‌ಸಿಪಿ (ಐಪಿ ವಿಳಾಸ ತಾನಾಗಿ ಹಂಚುವ ವ್ಯವಸ್ಥೆ) ಎಂಬ ನಾಲ್ಕು ಕಡತಗಳ ಪೂರ್ತಿ ಪ್ರತಿ ಇದೆ. ಫೈಬರ್ ಹೋದಾಗ ಎಸ್‌ಎಸ್‌ಎಚ್ (ದೂರದಿಂದ ಮಾಡುವ ಸುರಕ್ಷಿತ ಲಾಗಿನ್) ಮೂಲಕ ಒಳಹೋಗಿ ಒಂದು ಶೆಲ್ ಸ್ಕ್ರಿಪ್ಟ್ ಓಡಿಸಿದರೆ ಆ ಪ್ರತಿಗಳು ಕಾನ್ಫಿಗ್ ಫೋಲ್ಡರಿಗೆ ನಕಲಾಗಿ ನೆಟ್‌ವರ್ಕ್ ಮರುಚಾಲನೆಯಾಗುತ್ತದೆ.

ಇದರಲ್ಲಿ ಎರಡು ತೊಡಕುಗಳಿವೆ. ನಾನು ರಜೆಯಲ್ಲಿದ್ದರೆ ಸ್ಕ್ರಿಪ್ಟ್ ಓಡಿಸುವವರು ಯಾರೂ ಇಲ್ಲ. ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್ ಸಲ್ಲಿಸುವ 20ನೇ ತಾರೀಖಿನಂದು ಹಾಗಾದರೆ ಕಚೇರಿಯ ಪರಿಸ್ಥಿತಿ ಹೇಗಿರುತ್ತದೆಂದು ತಾವೇ ಊಹಿಸಬಹುದು. ಎರಡನೆಯದು, ಸಿಬ್ಬಂದಿಯ ವೈಫೈ ಪಾಸ್‌ವರ್ಡ್ ಬದಲಾದಾಗ ಅದು ಫೈಬರ್ ಪ್ರೊಫೈಲಿಗೆ ಮಾತ್ರ ಸೇರಿತು, ಮುಂದೊಮ್ಮೆ ಡಾಂಗಲ್ ಪ್ರೊಫೈಲ್ ಹಾಕಿದಾಗ ಹಳೆಯ ಪಾಸ್‌ವರ್ಡ್ ಮರಳಿ ಬಂದು ಎಲ್ಲರ ಲ್ಯಾಪ್‌ಟಾಪ್‌ಗಳೂ ಒಟ್ಟಿಗೆ ಕಳಚಿಕೊಂಡವು.

ಈ ಅದಲುಬದಲು ತಾನಾಗಿಯೇ ಆಗುವಂತೆ ಹಾಟ್‌ಪ್ಲಗ್ ಸ್ಕ್ರಿಪ್ಟ್ (ಸಂಪರ್ಕ ಬಂದಾಗ ಅಥವಾ ಹೋದಾಗ ರೂಟರ್ ತಾನೇ ಓಡಿಸುವ ಸ್ಕ್ರಿಪ್ಟ್) ಬರೆಯುವುದು ಸರಿಯೇ, ಅಥವಾ ಬೇರೆ ಕ್ರಮ ಇದೆಯೇ? ಈ ಬದಲಾವಣೆಗಳನ್ನು ಮನೆಯಿಂದ ಮಾಡುವಾಗ ರೂಟರ್ ಕೈತಪ್ಪಿ ಹೋಗದಂತೆ ಏನು ಮಾಡಬೇಕು? ರೂಟರಿನಲ್ಲಿ ಲೂಸಿ ಎಂಬ ವೆಬ್ ಪುಟ ಇದ್ದರೂ ಮಾಡಿದ್ದೆಲ್ಲ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಲು ಕಮಾಂಡ್ ಲೈನೇ ಅನುಕೂಲವೆಂದು ನನಗೆ ಅನಿಸುತ್ತದೆ.


ಉತ್ತರ: ತಂತಿಬೇಲಿ

ಹಾಟ್‌ಪ್ಲಗ್ ಸ್ಕ್ರಿಪ್ಟ್‌ನಿಂದ ತಮ್ಮ ಮೊದಲ ತೊಡಕು ಹೋಗುತ್ತದೆ, ಎರಡನೆಯದು ಹಾಗೆಯೇ ಉಳಿಯುತ್ತದೆ. ಒಂದೇ ಲೆಕ್ಕವನ್ನು ಎರಡು ಪುಸ್ತಕಗಳಲ್ಲಿ ಬರೆದರೆ ಅವು ಒಂದಲ್ಲ ಒಂದು ದಿನ ತಾಳೆಯಾಗುವುದಿಲ್ಲ ಎಂಬುದು ತಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಆದ್ದರಿಂದ ಪ್ರೊಫೈಲ್‌ಗಳನ್ನು ಬದಲಾಯಿಸುವ ಯೋಚನೆಯನ್ನೇ ಕೈಬಿಟ್ಟು, 'ಯಾವ ನೆಟ್‌ವರ್ಕ್ ಯಾವ ದಾರಿಯಿಂದ ಹೊರಗೆ ಹೋಗಬಹುದು' ಎಂಬ ನಿಯಮವನ್ನು ಫೈರ್‌ವಾಲ್‌ನಲ್ಲಿ ಶಾಶ್ವತವಾಗಿ ಬರೆದಿಡುವುದು ನನ್ನ ಸಲಹೆ. ಆಗ ಫೈಬರ್ ಇದ್ದರೂ ಹೋದರೂ ಕಾನ್ಫಿಗ್ ಒಂದೇ. ಬದಲಾಗುವುದು ರೂಟಿಂಗ್ ಪಟ್ಟಿ ಮಾತ್ರ, ಅದನ್ನು ರೂಟರೇ ನೋಡಿಕೊಳ್ಳುತ್ತದೆ.

ತಮ್ಮ ಈಗಿನ ಡಾಂಗಲ್ ಪ್ರೊಫೈಲ್‌ನಲ್ಲಿ ಡಾಂಗಲ್ ಇಂಟರ್‌ಫೇಸ್ ಬಹುಶಃ ವ್ಯಾನ್ (ಹೊರಗಿನ ಸಂಪರ್ಕ) ಎಂಬ ಫೈರ್‌ವಾಲ್ ಝೋನ್‌ನಲ್ಲೇ, ಅಂದರೆ ಒಂದೇ ನಿಯಮಕ್ಕೆ ಒಳಪಡುವ ಗುಂಪಿನಲ್ಲೇ, ಸೇರಿರಬೇಕು. ಹೆಚ್ಚಿನವರು ಮಾಡುವುದು ಹಾಗೆಯೇ, ಮತ್ತು ತೊಂದರೆಯ ಮೂಲವೂ ಅಲ್ಲೇ ಇದೆ. ಎರಡು ಸಂಪರ್ಕಗಳು ಒಂದೇ ಝೋನ್‌ನಲ್ಲಿದ್ದರೆ ಫೈರ್‌ವಾಲ್‌ಗೆ ಅವೆರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ, ಹಾಗಾಗಿ ಗೆಸ್ಟ್‌ಗೆ ವ್ಯಾನ್‌ನ ಅನುಮತಿ ಕೊಟ್ಟೊಡನೆ ಡಾಂಗಲ್‌ನ ಅನುಮತಿಯೂ ಸಿಕ್ಕಿಬಿಡುತ್ತದೆ. ಡಾಂಗಲ್‌ಗೆ ತನ್ನದೇ ಝೋನ್ ಕೊಡಿ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ. ಯುಸಿಐ ಎಂಬುದು ಓಪನ್‌ವರ್ಟ್‌ನ ಕಾನ್ಫಿಗ್ ಕಡತಗಳನ್ನು ತಿದ್ದುವ ಕಮಾಂಡ್. ಮೊದಲು ನೆಟ್‌ವರ್ಕ್ ಕಡತ:

ಯುಸಿಐ ಸೆಟ್ ನೆಟ್‌ವರ್ಕ್.ವ್ಯಾನ್.ಮೆಟ್ರಿಕ್='10'
ಯುಸಿಐ ಸೆಟ್ ನೆಟ್‌ವರ್ಕ್.ಡಾಂಗಲ್='ಇಂಟರ್‌ಫೇಸ್'
ಯುಸಿಐ ಸೆಟ್ ನೆಟ್‌ವರ್ಕ್.ಡಾಂಗಲ್.ಪ್ರೋಟೋ='ಡಿಎಚ್‌ಸಿಪಿ'
ಯುಸಿಐ ಸೆಟ್ ನೆಟ್‌ವರ್ಕ್.ಡಾಂಗಲ್.ಡಿವೈಸ್='ಯುಎಸ್‌ಬಿ0'
ಯುಸಿಐ ಸೆಟ್ ನೆಟ್‌ವರ್ಕ್.ಡಾಂಗಲ್.ಮೆಟ್ರಿಕ್='20'

ಡಿವೈಸ್‌ನ ಹೆಸರು ಡಾಂಗಲ್‌ನಿಂದ ಡಾಂಗಲ್‌ಗೆ ಬೇರೆಯಾಗುತ್ತದೆ, 'ಐಪಿ ಲಿಂಕ್' ಎಂದು ಕೊಟ್ಟು ತಮ್ಮಲ್ಲಿ ಯಾವ ಹೆಸರಿದೆಯೆಂದು ನೋಡಿಕೊಳ್ಳಿ. ಮೆಟ್ರಿಕ್ ಕಡಿಮೆ ಇರುವ ದಾರಿಗೆ ಮೊದಲ ಮನ್ನಣೆ. ಫೈಬರ್ ಇಂಟರ್‌ಫೇಸ್ ಇಳಿದಾಗ 10ರ ದಾರಿ ಪಟ್ಟಿಯಿಂದ ತಾನೇ ಅಳಿದು 20ರ ದಾರಿ ಉಳಿಯುತ್ತದೆ. ಎರಡಕ್ಕೂ ಮೆಟ್ರಿಕ್ ಕೊಡದೆ ಬಿಟ್ಟರೆ ಯಾವುದು ಗೆಲ್ಲುತ್ತದೆಂದು ಹೇಳಲಾಗದು. ಆಮೇಲೆ ಫೈರ್‌ವಾಲ್:

ಯುಸಿಐ ಸೆಟ್ ಫೈರ್‌ವಾಲ್.ಡಾಂಗಲ್='ಝೋನ್'
ಯುಸಿಐ ಸೆಟ್ ಫೈರ್‌ವಾಲ್.ಡಾಂಗಲ್.ನೇಮ್='ಡಾಂಗಲ್'
ಯುಸಿಐ ಆ್ಯಡ್_ಲಿಸ್ಟ್ ಫೈರ್‌ವಾಲ್.ಡಾಂಗಲ್.ನೆಟ್‌ವರ್ಕ್='ಡಾಂಗಲ್'
ಯುಸಿಐ ಸೆಟ್ ಫೈರ್‌ವಾಲ್.ಲ್ಯಾನ್_ಡಾಂಗಲ್='ಫಾರ್ವರ್ಡಿಂಗ್'
ಯುಸಿಐ ಸೆಟ್ ಫೈರ್‌ವಾಲ್.ಲ್ಯಾನ್_ಡಾಂಗಲ್.ಎಸ್ಆರ್‌ಸಿ='ಲ್ಯಾನ್'
ಯುಸಿಐ ಸೆಟ್ ಫೈರ್‌ವಾಲ್.ಲ್ಯಾನ್_ಡಾಂಗಲ್.ಡೆಸ್ಟ್='ಡಾಂಗಲ್'

ಹೊಸ ಝೋನ್‌ಗೆ ಇನ್‌ಪುಟ್ ರಿಜೆಕ್ಟ್, ಔಟ್‌ಪುಟ್ ಆಕ್ಸೆಪ್ಟ್, ಫಾರ್ವರ್ಡ್ ರಿಜೆಕ್ಟ್, ಮಾಸ್ಕ್ (masq, ಒಳಗಿನ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸದಡಿ ತರುವುದು) 1, ಎಂಟಿಯು_ಫಿಕ್ಸ್ 1 ಎಂಬ ಐದು ಆಯ್ಕೆಗಳನ್ನೂ ವ್ಯಾನ್ ಝೋನ್‌ನಲ್ಲಿ ಇರುವಂತೆಯೇ ಕೊಡಿ. ಹಳೆಯ ವ್ಯಾನ್ ಝೋನ್‌ನ ಪಟ್ಟಿಯಲ್ಲಿ ಡಾಂಗಲ್ ಹೆಸರಿದ್ದರೆ ಡೆಲ್_ಲಿಸ್ಟ್ ಬಳಸಿ ತೆಗೆಯಿರಿ, ಒಂದು ನೆಟ್‌ವರ್ಕ್ ಎರಡು ಝೋನ್‌ಗಳಲ್ಲಿ ಇರಬಾರದು. ಗೆಸ್ಟ್ ಮತ್ತು ಕ್ಯಾಮ್‌ಗಳಿಂದ ಡಾಂಗಲ್‌ಗೆ ಯಾವ ಫಾರ್ವರ್ಡಿಂಗನ್ನೂ ಬರೆಯಬೇಡಿ. ತಮಗೆ ಬೇಕಾದ 'ಡಾಂಗಲ್ ಪ್ರೊಫೈಲ್' ಎಂದರೆ ಬರೆಯದೆ ಬಿಟ್ಟ ಆ ಎರಡು ಸಾಲುಗಳೇ.

ಒಳಗೆ ನಡೆಯುವುದು ಹೀಗೆ. ಗೆಸ್ಟ್‌ನಿಂದ ಬಂದ ಪ್ಯಾಕೆಟ್ ಯಾವ ದಾರಿಯಿಂದ ಹೊರಬೀಳಬೇಕೆಂದು ರೂಟಿಂಗ್ ಪಟ್ಟಿ ಮೊದಲು ತೀರ್ಮಾನಿಸುತ್ತದೆ. ಫೈಬರ್ ಇಲ್ಲದಾಗ ಆ ದಾರಿ ಡಾಂಗಲ್. ಬಳಿಕ ಫೈರ್‌ವಾಲ್ ಬಂದ ಝೋನ್ ಮತ್ತು ಹೋಗುವ ಝೋನ್ ಎರಡನ್ನೂ ಜೋಡಿಯಾಗಿ ನೋಡಿ, 'ಗೆಸ್ಟ್‌ನಿಂದ ಡಾಂಗಲ್‌ಗೆ' ಎಂಬ ಅನುಮತಿ ಸಿಗದೆ ಅದನ್ನು ತಿರಸ್ಕರಿಸುತ್ತದೆ. ಕ್ಲೈಂಟ್‌ಗಳ ಮೊಬೈಲ್‌ಗಳಲ್ಲಿ ವೈಫೈ ಗುರುತಿನ ಪಕ್ಕ 'ಇಂಟರ್ನೆಟ್ ಇಲ್ಲ' ಎಂಬ ಸೂಚನೆ ಬರುತ್ತದೆ, ಅವರ ಫೋನ್‌ಗಳು ಹೆಚ್ಚಾಗಿ ತಮ್ಮದೇ ಮೊಬೈಲ್ ಡೇಟಾಗೆ ಹೊರಳಿಕೊಳ್ಳುತ್ತವೆ.

ಇದರಲ್ಲಿ ಸುಲಭವಾಗಿ ಕಣ್ತಪ್ಪುವ ಸಂಗತಿಯೆಂದರೆ ಡಿಎನ್‌ಎಸ್, ಅಂದರೆ ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಎರಡೂ ಸಂಪರ್ಕಗಳು ಚಾಲೂ ಇರುವಾಗ ಎರಡೂ ಕಡೆಯ ಡಿಎನ್‌ಎಸ್ ವಿಳಾಸಗಳು ರೂಟರಿನ ಪಟ್ಟಿಗೆ ಸೇರುತ್ತವೆ, ರೂಟರಿನಲ್ಲಿ ಈ ಕೆಲಸ ನೋಡುವ ಡಿಎನ್‌ಎಸ್‌ಮಾಸ್ಕ್ ಅವುಗಳಲ್ಲಿ ಯಾವುದನ್ನಾದರೂ ಕೇಳಬಹುದು. ಫೈಬರ್ ಕೊಡುವ ಸಂಸ್ಥೆಯ ಡಿಎನ್‌ಎಸ್ ಬೇರೆ ಸಂಸ್ಥೆಯ ಜಾಲದಿಂದ ಬಂದ ಪ್ರಶ್ನೆಗೆ ಉತ್ತರಿಸದೆಯೂ ಇರಬಹುದು. ಎರಡೂ ಇಂಟರ್‌ಫೇಸ್‌ಗಳಲ್ಲಿ ಪೀರ್‌ಡಿಎನ್‌ಎಸ್ (ಸಂಸ್ಥೆ ಕೊಡುವ ಡಿಎನ್‌ಎಸ್ ಬಳಸುವ ಆಯ್ಕೆ) ಎಂಬುದನ್ನು 0 ಮಾಡಿ, 1.1.1.1 ಮತ್ತು 8.8.8.8 ಎಂಬ ಎರಡು ಸಾರ್ವಜನಿಕ ವಿಳಾಸಗಳನ್ನು ಎರಡರಲ್ಲೂ ಡಿಎನ್‌ಎಸ್ ಪಟ್ಟಿಗೆ ಸೇರಿಸಿದರೆ ಈ ಗೊಂದಲ ತೀರುತ್ತದೆ.

ಕೊನೆಗೆ 'ಯುಸಿಐ ಚೇಂಜಸ್' ಎಂದು ಕೊಟ್ಟು ಬಾಕಿ ಇರುವ ಬದಲಾವಣೆಗಳನ್ನೆಲ್ಲ ಒಮ್ಮೆ ಓದಿ ನೋಡಿ, ಸರಿಯಿದ್ದರೆ 'ಯುಸಿಐ ಕಮಿಟ್', ಆಮೇಲೆ 'ಸರ್ವಿಸ್ ನೆಟ್‌ವರ್ಕ್ ರೀಲೋಡ್' ಮತ್ತು 'ಸರ್ವಿಸ್ ಫೈರ್‌ವಾಲ್ ರೀಲೋಡ್'. ರೀಸ್ಟಾರ್ಟ್ ಬೇಡ. ರೀಲೋಡ್ ಆದರೆ ಬದಲಾದ ಇಂಟರ್‌ಫೇಸ್‌ಗಳು ಮಾತ್ರ ಅಲುಗಾಡುತ್ತವೆ, ಸಿಬ್ಬಂದಿಯ ವೈಫೈ ಬೀಳುವುದಿಲ್ಲ.


ಮರುಪ್ರಶ್ನೆ: ಖಾತೆಕಿರ್ದಿ

ತಂತಿಬೇಲಿಯವರಿಗೆ ಧನ್ಯವಾದಗಳು. ತಾವು ಹೇಳಿದಂತೆ ಮಾಡಿದ್ದೇನೆ. 'ಐಪಿ ರೂಟ್' ಎಂದು ಕೊಟ್ಟರೆ ಡಿಫಾಲ್ಟ್ ಎಂಬ ಎರಡು ಸಾಲುಗಳು, ಒಂದರ ಕೊನೆಯಲ್ಲಿ ಮೆಟ್ರಿಕ್ 10, ಇನ್ನೊಂದರ ಕೊನೆಯಲ್ಲಿ 20, ಎರಡೂ ಕಾಣುತ್ತಿವೆ. ಫೈಬರ್ ಪೆಟ್ಟಿಗೆಯಿಂದ ರೂಟರಿಗೆ ಬರುವ ಕೇಬಲ್ ಕಿತ್ತಾಗ ಕೂಡಲೇ ಡಾಂಗಲ್‌ಗೆ ಹೊರಳುತ್ತದೆ, ಗೆಸ್ಟ್ ನಿಂತುಹೋಗುತ್ತದೆ, ಸಿಬ್ಬಂದಿಗೆ ಇಂಟರ್ನೆಟ್ ಮುಂದುವರಿಯುತ್ತದೆ.

ಆದರೆ ನಿಜವಾದ ತೊಂದರೆಯಲ್ಲಿ ಕೇಬಲ್ ಯಾರೂ ಕೀಳುವುದಿಲ್ಲ, ಹೊರಗೆ ಫೈಬರ್ ಕಡಿಯುತ್ತದೆ. ಅದನ್ನು ಪರೀಕ್ಷಿಸಲು ಪೆಟ್ಟಿಗೆಯ ಹಿಂದಿನ ಹಸಿರು ಕನೆಕ್ಟರನ್ನೇ ಬಿಚ್ಚಿದೆ. ಪೆಟ್ಟಿಗೆಯ ಮೇಲೆ ಎಲ್‌ಒಎಸ್ (ಸಿಗ್ನಲ್ ಇಲ್ಲ) ಎಂಬ ಕೆಂಪು ದೀಪ ಮಿನುಗತೊಡಗಿತು, ರೂಟರಿಗೆ ಮಾತ್ರ ಏನೂ ತಿಳಿಯಲಿಲ್ಲ. 'ಇಫ್‌ಸ್ಟೇಟಸ್ ವ್ಯಾನ್' ಎಂದು ಕೇಳಿದರೆ 'ಅಪ್: ಟ್ರೂ' ಎಂದೇ ಹೇಳುತ್ತಿದೆ, ಮೆಟ್ರಿಕ್ 10ರ ದಾರಿಯೂ ಪಟ್ಟಿಯಲ್ಲೇ ಇದೆ, ಇಂಟರ್ನೆಟ್ ಮಾತ್ರ ಯಾರಿಗೂ ಇಲ್ಲ. ವ್ಯಾನ್ ಇಂಟರ್‌ಫೇಸ್ ಡಿಎಚ್‌ಸಿಪಿ ಮೂಲಕ ಪೆಟ್ಟಿಗೆಯಿಂದ 192.168.1 ಸರಣಿಯ ವಿಳಾಸ ಪಡೆಯುತ್ತದೆ.


ಉತ್ತರ: ಪಿಂಗ್‌ಪಾಂಗ್

ಮೊದಲಿಗೆ ಒಂದು ಎಚ್ಚರಿಕೆ: ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿಯಬೇಡಿ, ಒಳಗಿನ ಬೆಳಕು ಕಣ್ಣಿಗೆ ಕಾಣದಿದ್ದರೂ ಲೇಸರ್ ಲೇಸರೇ. ಮತ್ತೆ ಸಿಕ್ಕಿಸುವಾಗ ತುದಿಗೆ ಬೆರಳೂ ತಾಗಬಾರದು.

ತಮ್ಮ ಫೈಬರ್ ಪೆಟ್ಟಿಗೆ ತಾನೇ ಒಂದು ರೂಟರಿನಂತೆ ವರ್ತಿಸುತ್ತಿದೆ. ಇಂಟರ್ನೆಟ್ ಸಂಸ್ಥೆಯ ಜೊತೆಗಿನ ಲಾಗಿನ್ ಆ ಪೆಟ್ಟಿಗೆಯಲ್ಲಿ ಮುಗಿಯುತ್ತದೆ, ತಮ್ಮ ರೂಟರ್ ಅದರ ಹಿಂದೆ ಇನ್ನೊಂದು ಮನೆಯೊಳಗಿನ ಜಾಲದಲ್ಲಿ ಕೂತಿದೆ. ಹೊರಗೆ ಫೈಬರ್ ಕಡಿದರೂ ಪೆಟ್ಟಿಗೆ ಮತ್ತು ರೂಟರಿನ ನಡುವಿನ ಎರಡಡಿ ಕೇಬಲ್ ಸರಿಯಾಗೇ ಇರುತ್ತದೆ, ಡಿಎಚ್‌ಸಿಪಿ ವಿಳಾಸವೂ ಸಿಗುತ್ತಲೇ ಇರುತ್ತದೆ, ಆದ್ದರಿಂದ ರೂಟರಿನ ದೃಷ್ಟಿಯಲ್ಲಿ ಎಲ್ಲವೂ ಸುಸ್ಥಿತಿ. ಇದು ಓಪನ್‌ವರ್ಟ್‌ನ ದೋಷವಲ್ಲ.

ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ತಾನು ರೂಟರಾಗದೆ ಸಂಪರ್ಕವನ್ನು ಹಾಗೆಯೇ ದಾಟಿಸುವ ಸ್ಥಿತಿಗೆ) ಹಾಕಿಸಿ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸಂಸ್ಥೆಯ ಜಾಲ ಸೇರುವ ವಿಧಾನ) ಲಾಗಿನ್ನನ್ನು ತಮ್ಮ ರೂಟರಿನಲ್ಲೇ ಮಾಡಿಸುವುದು ಒಂದು ದಾರಿ. ಹಾಗೆ ಮಾಡಿದರೆ ರೂಟರ್ ಆಗಾಗ ಎದುರು ತುದಿಗೆ ಎಕೋ ಸಂದೇಶ ಕಳಿಸಿ ಉತ್ತರ ಬರುತ್ತಿದೆಯೇ ಎಂದು ನೋಡುತ್ತಿರುತ್ತದೆ. ವ್ಯಾನ್ ಇಂಟರ್‌ಫೇಸ್‌ಗೆ 'ಕೀಪ್‌ಅಲೈವ್' ಎಂಬ ಆಯ್ಕೆಯಲ್ಲಿ '5 5' ಎಂದು ಕೊಟ್ಟರೆ, ಐದು ಸೆಕೆಂಡಿಗೊಂದರಂತೆ ಐದು ಬಾರಿ ಉತ್ತರ ಬಾರದಿದ್ದಾಗ ಸಂಪರ್ಕ ಸತ್ತಿತೆಂದು ತಿಳಿದು ಇಂಟರ್‌ಫೇಸ್ ಇಳಿಯುತ್ತದೆ, 10ರ ದಾರಿ ಅಳಿಯುತ್ತದೆ, ತಂತಿಬೇಲಿಯವರು ಹೇಳಿದ್ದೆಲ್ಲ ತಾನಾಗಿ ನಡೆಯುತ್ತದೆ. ಹೆಚ್ಚುವರಿ ಪ್ಯಾಕೇಜ್ ಯಾವುದೂ ಬೇಡ. ಎರಡು ಸಲ ನ್ಯಾಟ್ (ವಿಳಾಸ ಪರಿವರ್ತನೆ) ಆಗುವುದೂ ತಪ್ಪುತ್ತದೆ. ಆದರೆ ಬ್ರಿಜ್ ಮೋಡ್ ಮತ್ತು ಲಾಗಿನ್ ವಿವರ ಎರಡಕ್ಕೂ ಇಂಟರ್ನೆಟ್ ಸಂಸ್ಥೆಯ ಒಪ್ಪಿಗೆ ಬೇಕು, ಅದು ಎಲ್ಲ ಕಡೆಯೂ ಸುಲಭವಾಗಿ ಸಿಗುವುದಿಲ್ಲ.

ಸಿಗದಿದ್ದರೆ ಎಂವ್ಯಾನ್3 ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಅದು ಹೊರಗಿನ ವಿಳಾಸಗಳಿಗೆ ಪಿಂಗ್ ಮಾಡಿ ಸಂಪರ್ಕ ನಿಜವಾಗಿ ಬದುಕಿದೆಯೇ ಎಂದು ನೋಡುತ್ತದೆ. ತಾವು ಈಗಾಗಲೇ ಕೊಟ್ಟಿರುವ ಬೇರೆ ಬೇರೆ ಮೆಟ್ರಿಕ್‌ಗಳು ಅದಕ್ಕೂ ಬೇಕೇ ಬೇಕು. ಎಂವ್ಯಾನ್3 ಕಡತದಲ್ಲಿ ವ್ಯಾನ್ ಇಂಟರ್‌ಫೇಸ್‌ಗೆ ಟ್ರ್ಯಾಕ್_ಐಪಿ ಪಟ್ಟಿಯಲ್ಲಿ 1.1.1.1, 8.8.8.8, 9.9.9.9 ಎಂಬ ಮೂರು ವಿಳಾಸ, ರಿಲಯಬಿಲಿಟಿ 2, ಇಂಟರ್ವಲ್ 10, ಡೌನ್ 3, ಅಪ್ 8 ಎಂದು ಕೊಡಿ. ಮೂರರಲ್ಲಿ ಎರಡಾದರೂ ಉತ್ತರಿಸಿದರೆ ಆ ಸುತ್ತು ಪಾಸು. ಸತತ ಮೂರು ಸುತ್ತು ಫೇಲಾದರೆ ಸಂಪರ್ಕ ಹೋಗಿದೆ ಎಂದು ಲೆಕ್ಕ. ಮರಳಿ ಬಂದಿದೆ ಎಂದು ಒಪ್ಪಲು ಸತತ ಎಂಟು ಸುತ್ತು ಪಾಸಾಗಬೇಕು. ಅಪ್ ಸಂಖ್ಯೆಯನ್ನು ಬೇಕೆಂದೇ ದೊಡ್ಡದಾಗಿ ಇಟ್ಟಿದ್ದೇನೆ. ರಿಪೇರಿಯವರು ಫೈಬರ್ ಬೆಸೆಯುವಾಗ ಲೈನು ಬಂದು ಹೋಗಿ ಮಾಡುತ್ತದೆ, ಪ್ರತಿ ಸಲವೂ ಅತ್ತಿತ್ತ ಹೊರಳಿದರೆ ಜಿಎಸ್‌ಟಿ ಪೋರ್ಟಲ್‌ನಂಥ ತಾಣಗಳಲ್ಲಿ ಲಾಗಿನ್ ಕಳಚುವ ಸಂಭವ ಇದೆ, ಏಕೆಂದರೆ ಹೊರಗೆ ಕಾಣುವ ಐಪಿ ವಿಳಾಸ ಪ್ರತಿ ಸಲ ಬದಲಾಗುತ್ತದೆ.

ಡಾಂಗಲ್‌ಗೆ ಟ್ರ್ಯಾಕ್_ಐಪಿ ಕೊಡಲೇ ಬೇಡಿ. ಕೊಡದಿದ್ದರೆ ಎಂವ್ಯಾನ್3 ಅದು ಸದಾ ಬದುಕಿದೆ ಎಂದೇ ಭಾವಿಸುತ್ತದೆ, ಡೇಟಾವೂ ಪಿಂಗ್‌ಗೆ ಖರ್ಚಾಗುವುದಿಲ್ಲ. ಹೇಗಿದ್ದರೂ ಅದರಾಚೆಗೆ ತಮಗೆ ಮೂರನೆಯ ದಾರಿ ಇಲ್ಲ.

ಬಳಿಕ ಎರಡು ಮೆಂಬರ್‌ಗಳನ್ನು (ಪಾಲಿಸಿಗೆ ಸೇರಿಸುವ ದಾರಿಗಳನ್ನು) ಬರೆಯಿರಿ, ವ್ಯಾನ್‌ಗೆ ಮೆಟ್ರಿಕ್ 1, ಡಾಂಗಲ್‌ಗೆ ಮೆಟ್ರಿಕ್ 2. ಇಬ್ಬರನ್ನೂ ಸೇರಿಸಿ ಒಂದು ಪಾಲಿಸಿ ಸಿಬ್ಬಂದಿಗೆ. ವ್ಯಾನ್ ಮೆಂಬರ್ ಮಾತ್ರ ಇರುವ, ಲಾಸ್ಟ್_ರಿಸಾರ್ಟ್ 'ಅನ್‌ರೀಚೆಬಲ್' ಎಂದಿರುವ ಇನ್ನೊಂದು ಪಾಲಿಸಿ 192.168.20.0/24 ಮತ್ತು 192.168.30.0/24ಕ್ಕೆ. ರೂಲ್‌ಗಳನ್ನು ಮೇಲಿನಿಂದ ಕೆಳಕ್ಕೆ ನೋಡಲಾಗುತ್ತದೆ, ಹಾಗಾಗಿ ಗೆಸ್ಟ್ ಮತ್ತು ಕ್ಯಾಮ್‌ನ ರೂಲ್‌ಗಳು ಮೇಲೆ, ಎಲ್ಲರಿಗೂ ಅನ್ವಯಿಸುವ 0.0.0.0/0 ರೂಲ್ ಕೊನೆಗೆ. ಫೈರ್‌ವಾಲ್ ಝೋನ್‌ಗಳ ತಡೆ ಇದರ ಜೊತೆಗೂ ಇರಲಿ, ರೂಲ್‌ಗಳ ಸಾಲು ಎಂದಾದರೂ ಹಿಂದುಮುಂದಾದರೆ ಡೇಟಾ ಉಳಿಸುವುದು ಅದೇ. ವ್ಯಾನ್ ಇಂಟರ್‌ಫೇಸ್‌ನ ಫ್ಲಶ್_ಕಾನ್‌ಟ್ರ್ಯಾಕ್ ಪಟ್ಟಿಗೆ 'ಕನೆಕ್ಟೆಡ್' ಮತ್ತು 'ಡಿಸ್ಕನೆಕ್ಟೆಡ್' ಎರಡನ್ನೂ ಸೇರಿಸಿದರೆ ಹೊರಳುವ ಹೊತ್ತಿಗೆ ಹಳೆಯ ಸಂಪರ್ಕಗಳ ದಾಖಲೆ ಅಳಿದು ಎಲ್ಲವೂ ಹೊಸ ದಾರಿಯಲ್ಲಿ ಚುರುಕಾಗಿ ಶುರುವಾಗುತ್ತವೆ. ಸ್ಥಿತಿ ತಿಳಿಯಲು 'ಎಂವ್ಯಾನ್3 ಸ್ಟೇಟಸ್'.


ಉತ್ತರ: ಹಳೆಮೋಡೆಮ್

ಮನೆಯಿಂದ ಬದಲಾವಣೆ ಮಾಡುವ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಲೂಸಿಯಲ್ಲಿ ಬದಲಾವಣೆ ಅನ್ವಯಿಸಿದ ಮೇಲೆ 90 ಸೆಕೆಂಡಿನೊಳಗೆ ಬ್ರೌಸರ್ ಮರಳಿ ರೂಟರನ್ನು ತಲುಪದಿದ್ದರೆ ಹಳೆಯ ಸ್ಥಿತಿಗೆ ತಾನೇ ಹಿಂದಿರುಗುತ್ತದೆ. ಮೈಕ್ರೋಟಿಕ್ ರೂಟರ್‌ಗಳಲ್ಲಿ ಸೇಫ್ ಮೋಡ್ ಇದೆ, ಜೂನಿಪರ್‌ನವರಲ್ಲಿ 'ಕಮಿಟ್ ಕನ್ಫರ್ಮ್ಡ್' ಇದೆ. ಓಪನ್‌ವರ್ಟ್‌ನಲ್ಲಿ ಕಮಾಂಡ್ ಲೈನ್‌ನಿಂದ ಕಮಿಟ್ ಮಾಡಿದರೆ ಅಂಥ ರಕ್ಷಣೆ ಇಲ್ಲ. 'ಯುಸಿಐ ರಿವರ್ಟ್' ಇರುವುದು ಕಮಿಟ್ ಆಗದ ಬದಲಾವಣೆಗಳಿಗೆ ಮಾತ್ರ. ಹಾಗಾಗಿ ನಮ್ಮ ರಕ್ಷಣೆಯನ್ನು ನಾವೇ ಕಟ್ಟಿಕೊಳ್ಳಬೇಕು. ಕಮಿಟ್‌ಗೆ ಮೊದಲು ಕಾನ್ಫಿಗ್ ಫೋಲ್ಡರನ್ನು ರೂಟ್ ಫೋಲ್ಡರಿನಲ್ಲಿ 'ಹಳೆ' ಎಂಬ ಹೆಸರಿಗೆ ನಕಲು ಮಾಡಿ, ಈ ಸಾಲನ್ನು ಓಡಿಸಿ:

( ಟ್ರ್ಯಾಪ್ '' ಎಚ್‌ಯುಪಿ; ಸ್ಲೀಪ್ 300; ಸಿಪಿ /ರೂಟ್/ಹಳೆ/* /ಇಟಿಸಿ/ಕಾನ್ಫಿಗ್/; ರೀಬೂಟ್ ) &

ಐದು ನಿಮಿಷದೊಳಗೆ ತಾವು ಮತ್ತೆ ಲಾಗಿನ್ ಆಗಿ ಈ ಕೆಲಸವನ್ನು 'ಕಿಲ್' ಮಾಡದಿದ್ದರೆ ಹಳೆಯ ಕಡತಗಳು ಮರಳಿ ರೂಟರ್ ರೀಬೂಟ್ ಆಗುತ್ತದೆ. ಓಡಿಸಿದಾಗ ತೆರೆಯ ಮೇಲೆ ಬರುವ ಪ್ರಕ್ರಿಯೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಟ್ರ್ಯಾಪ್ ಇರುವುದೇಕೆಂದರೆ, ಎಸ್‌ಎಸ್‌ಎಚ್ ಸಂಪರ್ಕ ಕಡಿದಾಗ ಬರುವ ಸಂಕೇತಕ್ಕೆ ಈ ಕಾಯುವ ಕೆಲಸವೇ ಸಾಯಬಾರದು.

ಹಾಟ್‌ಪ್ಲಗ್ ಸ್ಕ್ರಿಪ್ಟ್‌ನಲ್ಲಿ 'ಯುಸಿಐ ಕಮಿಟ್' ಬರೆಯುವುದನ್ನು ಎಂದಿಗೂ ಮಾಡಬೇಡಿ. ಲೈನು ಬಂದು ಹೋಗಿ ಮಾಡುವ ದಿನ ಅದು ಫ್ಲಾಶ್ ಮೇಲೆ ಮತ್ತೆ ಮತ್ತೆ ಬರೆಯುತ್ತಲೇ ಇರುತ್ತದೆ, ಸಣ್ಣ ರೂಟರುಗಳ ಫ್ಲಾಶ್‌ಗೆ ಬರೆಯುವ ಸಾಮರ್ಥ್ಯ ಸೀಮಿತ. ತಂತಿಬೇಲಿಯವರ ಕ್ರಮದ ಹಿರಿಮೆ ಇಲ್ಲೂ ಇದೆ, ಅದರಲ್ಲಿ ಹೊರಳುವಾಗ ಒಂದು ಅಕ್ಷರವೂ ಬರೆಯಬೇಕಾಗಿಲ್ಲ.

ತಮ್ಮ ಸ್ಕ್ರಿಪ್ಟ್‌ನಲ್ಲಿ 'ಫೈರ್‌ವಾಲ್.@ಝೋನ್[1]' ಎಂಬಂಥ ಕ್ರಮಸಂಖ್ಯೆಗಳಿದ್ದರೆ ಅವನ್ನೂ ತೆಗೆಯಿರಿ. ಮೇಲಿನ ಒಂದು ಝೋನ್ ಅಳಿಸಿದರೆ ಕೆಳಗಿನವುಗಳ ಸಂಖ್ಯೆಯೆಲ್ಲ ಜಾರಿಬಿಡುತ್ತದೆ, ಆಮೇಲೆ ಅದೇ ಸ್ಕ್ರಿಪ್ಟ್ ಬೇರೆ ಝೋನ್‌ನ ಮೇಲೆ ಕೈಯಾಡಿಸುತ್ತದೆ. 'ಯುಸಿಐ ರೀನೇಮ್' ಬಳಸಿ ಪ್ರತಿಯೊಂದಕ್ಕೂ ಹೆಸರು ಕೊಟ್ಟುಬಿಡಿ. ಕಾನ್ಫಿಗ್ ಕಡತಗಳಲ್ಲಿ ಹ್ಯಾಶ್ ಹಾಕಿ ಟಿಪ್ಪಣಿ ಬರೆಯುವ ಅಭ್ಯಾಸವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ: ಯುಸಿಐ ಆ ಕಡತವನ್ನು ಕಮಿಟ್ ಮಾಡುವಾಗ ಪೂರ್ತಿ ಹೊಸದಾಗಿ ಬರೆಯುತ್ತದೆ, ಟಿಪ್ಪಣಿಗಳು ಮಾಯವಾಗುತ್ತವೆ. ಟಿಪ್ಪಣಿ ಬೇಕಿದ್ದರೆ ಸ್ಕ್ರಿಪ್ಟ್‌ನಲ್ಲಿ ಇರಲಿ.

ನನಗೆ ಕೇಳಿದರೆ ಬ್ರಿಜ್ ಮೋಡ್‌ಗಾಗಿ ಒಂದೆರಡು ದಿನ ಫೋನು ಮಾಡಿ ಕಾಡುವುದು ಎಂವ್ಯಾನ್3 ಹಾಕುವುದಕ್ಕಿಂತ ಲೇಸು. ಭಾಗಗಳು ಕಡಿಮೆಯಿದ್ದಷ್ಟು ಕೆಡುವುದೂ ಕಡಿಮೆ.


ಪ್ರತಿಕ್ರಿಯೆ: ಖಾತೆಕಿರ್ದಿ

ಬ್ರಿಜ್ ಮೋಡ್ ಕೊಡಲಾಗುವುದಿಲ್ಲ ಎಂಬ ಉತ್ತರ ಬಂದಿದ್ದರಿಂದ ಎಂವ್ಯಾನ್3 ಹಾಕಿದ್ದೇನೆ. ಹಸಿರು ಕನೆಕ್ಟರ್ ಬಿಚ್ಚಿ ಪರೀಕ್ಷಿಸಿದಾಗ ಅರ್ಧ ನಿಮಿಷ ಕಳೆದ ಮೇಲೆ ಸಿಬ್ಬಂದಿಯ ಕಂಪ್ಯೂಟರುಗಳು ಡಾಂಗಲ್‌ಗೆ ಹೊರಳಿದವು, ಗೆಸ್ಟ್‌ನಲ್ಲಿದ್ದ ನನ್ನ ಮೊಬೈಲ್‌ಗೆ ಇಂಟರ್ನೆಟ್ ನಿಂತಿತು. ಹಳೆಯ ಎರಡು ಪ್ರೊಫೈಲ್ ಫೋಲ್ಡರುಗಳನ್ನು ಅಳಿಸಿ ಒಂದೇ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ. ಉಳಿದ ಪ್ರಶ್ನೆ ಒಂದೇ: ಫೈಬರ್ ಇಲ್ಲದಾಗಲೂ ಕಚೇರಿಯ ಮಾಲೀಕರು ಮನೆಯಿಂದ ಸಿಸಿಟಿವಿ ನೋಡಬೇಕು ಎನ್ನುತ್ತಾರೆ. ಕ್ಯಾಮ್‌ನಿಂದ ಡಾಂಗಲ್‌ಗೆ ಅನುಮತಿ ಕೊಡದೆ ಇದು ಸಾಧ್ಯವೇ?


ಉತ್ತರ: ತಂತಿಬೇಲಿ

ಡಾಂಗಲ್ ಮೇಲೆ ಹೊರಗಿನಿಂದ ಒಳಗೆ ಬರುವುದು ಸಾಮಾನ್ಯವಾಗಿ ಆಗುವುದಿಲ್ಲ, ಮೊಬೈಲ್ ಜಾಲಗಳಲ್ಲಿ ಐಪಿವಿ4 ವಿಳಾಸವನ್ನು ಬಹಳ ಮಂದಿಗೆ ಹಂಚಿ ಕೊಟ್ಟಿರುತ್ತಾರೆ. ಹೊರಗೆ ಸ್ಥಿರ ವಿಳಾಸವಿರುವ ಒಂದು ಬಾಡಿಗೆ ಸರ್ವರ್ ಇದ್ದು, ರೂಟರಿನಿಂದ ಅದಕ್ಕೆ ವೈರ್‌ಗಾರ್ಡ್ (ಒಂದು ಬಗೆಯ ವಿಪಿಎನ್) ಸುರಂಗ ಹಾಕಿದರೆ ಸಾಧ್ಯ. ಕ್ಯಾಮ್‌ಗೆ ಡಾಂಗಲ್‌ನ ಅನುಮತಿ ಆಗಲೂ ಬೇಡ: ಸುರಂಗಕ್ಕೆ ತನ್ನದೇ ಝೋನ್ ಕೊಟ್ಟು, ಅದರಿಂದ ಕ್ಯಾಮ್‌ಗೆ ಒಂದೇ ದಿಕ್ಕಿನ ಫಾರ್ವರ್ಡಿಂಗ್ ಬರೆಯಿರಿ. ಅಷ್ಟಾದರೂ ದೃಶ್ಯ ಹರಿಯುವುದು ಡಾಂಗಲ್‌ನ ಡೇಟಾದಲ್ಲೇ ಎಂಬುದನ್ನು ಮಾಲೀಕರಿಗೆ ಮೊದಲೇ ತಿಳಿಸಿ, ಮುಖ್ಯ ಸ್ಟ್ರೀಮ್ ಬದಲು ಕಡಿಮೆ ಡೇಟಾ ಬೇಡುವ ಸಬ್ ಸ್ಟ್ರೀಮ್ ನೋಡಲು ಹೇಳಿ.

ಇನ್ನೊಂದು ಮಾತು. ಮುಂದೆ ಓಪನ್‌ವರ್ಟ್ 24.10ಕ್ಕೆ ಏರಿಸುವಾಗ ಸಿಸ್ಅಪ್‌ಗ್ರೇಡ್ ಎಂಬ ಕಮಾಂಡ್ ತಮ್ಮ ಕಾನ್ಫಿಗ್ ಕಡತಗಳನ್ನು ಉಳಿಸಿಕೊಳ್ಳುತ್ತದೆ, ಆದರೆ ಬೇರೆಯಾಗಿ ಹಾಕಿದ ಪ್ಯಾಕೇಜ್‌ಗಳನ್ನು ಉಳಿಸುವುದಿಲ್ಲ. ಎಂವ್ಯಾನ್3 ಮತ್ತು ಡಾಂಗಲ್‌ನ ಯುಎಸ್‌ಬಿ ಡ್ರೈವರ್ ಎರಡನ್ನೂ ಮತ್ತೆ ಹಾಕಬೇಕು. ಇಂಟರ್ನೆಟ್ ಅದಕ್ಕೂ ಬೇಕಾದ್ದರಿಂದ ಅಪ್‌ಗ್ರೇಡನ್ನು ಫೈಬರ್ ಸರಿಯಿರುವ ದಿನವೇ ಮಾಡಿ, 20ನೇ ತಾರೀಖು ಕಳೆದ ಮೇಲೆ.